ಹೃದಯದ ಆಪರೇಷನ್ ಆದವರಿಗೆ ಸೆಲೆನಿಯಂ ಬೇಕಾ?

ನಮ್ಮ ಕಾಕಾ ಬ್ಯಾಡಗಿ ಹತ್ತಿರದ ಹಳ್ಳಿಯವರು. ಹೋದ ವರ್ಷ ಹುಬ್ಬಳ್ಳಿಯಲ್ಲಿ ಅವರ ಹೃದಯದ ಆಪರೇಷನ್ ಆಯಿತು. ಒಂದು ವಾಲ್ವ್ ಬದಲಿಸಬೇಕಿತ್ತು, ಜೊತೆಗೆ ಬೈಪಾಸ್ ಕೂಡ ಮಾಡಬೇಕಿತ್ತು. ಮೂರನೇ ದಿನವೂ ಅವರು ಐಸಿಯುನಲ್ಲೇ ಇದ್ದರು. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಎಂಬ ರಕ್ತದ ಅಂಶ ಸ್ವಲ್ಪ ಏರಿತ್ತು. ಹೊರಗೆ ಚಾದರ ಹಾಸಿಕೊಂಡು ಕೂತಿದ್ದ ಅವರ ಮಗ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದ.

"ಅಕ್ಕಾ, ವಾಟ್ಸಾಪ್‌ನ್ಯಾಗ ಒಂದು ಮೆಸೇಜ್ ಬಂದೈತಿ. ಆಪರೇಷನ್ ಆದವ್ರ ರಕ್ತದಾಗ ಸೆಲೆನಿಯಂ ಇಳದ್ರ ಕಿಡ್ನಿ ಎಲ್ಲಾ ಕೈ ಕೊಡ್ತಾವಂತ. ಔಷಧ ಅಂಗಡ್ಯಾಗ ಗುಳಿಗಿ ಸಿಗ್ತಾವು. ಒಂದು ಬಾಟ್ಲಿ ತಂದೇನಿ. ಡಾಕ್ಟರಿಗೆ ಹೇಳಿ ಕೊಡ್ಸೂಣೇನು?"

ನಾನು ಧಾರವಾಡದಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಸೆಲೆನಿಯಂ ಅಂದರೆ ಮೈಗೆ ಅತಿ ಚಿಕ್ಕ ಪ್ರಮಾಣದಲ್ಲಿ ಬೇಕಾದ ಒಂದು ಖನಿಜ. ಅದರ ಬಗ್ಗೆ ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. ಆದರೂ ಆ ಹೊತ್ತಿನಲ್ಲಿ ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಯಾಕೆಂದರೆ ಆ ಮೆಸೇಜಿನ ಮೊದಲ ಅರ್ಧ ನಿಜ. ಆಪರೇಷನ್ ಆದವರಲ್ಲಿ ಸೆಲೆನಿಯಂ ಇಳಿಯುತ್ತದೆ. ಜಾಸ್ತಿ ಇಳಿದವರಲ್ಲಿ ತೊಂದರೆಯೂ ಜಾಸ್ತಿ. ಹಾಗಾದರೆ ತುಂಬಿಕೊಟ್ಟರೆ ಸರಿ ಹೋಗಬೇಕಲ್ವಾ? ಈ ಪ್ರಶ್ನೆಯನ್ನು ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳ ವೈದ್ಯರೂ ಕೇಳಿಕೊಂಡರು, ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಅವತ್ತು ತಮ್ಮನಿಗೆ "ನಾಳೆ ಡಾಕ್ಟರ್ ಹತ್ರ ಮಾತಾಡೋಣ, ಅಲ್ಲಿ ತನಕ ಬಾಟ್ಲಿ ತೆಗೀಬ್ಯಾಡ" ಎಂದಷ್ಟೇ ಹೇಳಿದೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಕ್ಸಿಡೇಟಿವ್ ಸ್ಟ್ರೆಸ್ ಅಂದರೆ ಏನು ಅಂತ ನೋಡೋಣ. ಹೆಸರು ದೊಡ್ಡದು. ಆದರೆ ಅದು ನಮ್ಮ ಅಡುಗೆ ಮನೆಯಲ್ಲೇ ಇದೆ. ಶೇಂಗಾ ಚಟ್ನಿಪುಡಿಯನ್ನು ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ತಿಂಗಳುಗಟ್ಟಲೆ ಬಿಟ್ಟರೆ ಕಮಟು ವಾಸನೆ ಬರುತ್ತದೆ. ಶೇಂಗಾದ ಎಣ್ಣೆ ಗಾಳಿಯಲ್ಲಿನ ಆಕ್ಸಿಜನ್ ಜೊತೆ ಸೇರಿ ಕೆಟ್ಟಿರುತ್ತದೆ. ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಎಣ್ಣೆಯ ಒಂದು ಅಣು ಕೆಟ್ಟರೆ ಅದು ಪಕ್ಕದ ಅಣುವನ್ನು ಕೆಡಿಸುತ್ತದೆ. ಅದು ಮತ್ತೊಂದನ್ನು. ಹೀಗೆ ಸಾಲಾಗಿ ಹಬ್ಬುತ್ತದೆ. ಅದಕ್ಕೇ ಪುಡಿ ಮೊದಲ ಕೆಲವು ವಾರ ಚೆನ್ನಾಗಿಯೇ ಇದ್ದು, ಆಮೇಲೆ ಒಮ್ಮೆಲೇ ಕೆಟ್ಟಂತೆ ಅನಿಸುತ್ತದೆ.

ಬ್ಯಾಡಗಿಯವರಿಗೆ ಇನ್ನೊಂದು ಉದಾಹರಣೆ ಕೊಡಬಹುದು. ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಯಾಕೆ ಇಡುತ್ತಾರೆ? ಬಣ್ಣ ಉಳಿಯಲಿ ಅಂತ. ಹೊರಗೆ ಸೆಖೆಯಲ್ಲಿ ಇಟ್ಟರೆ ಆ ಕಡುಗೆಂಪು ಮಂಕಾಗುತ್ತಾ ಹೋಗುತ್ತದೆ. ಬಣ್ಣದ ಅಣುಗಳನ್ನು ಆಕ್ಸಿಜನ್ ಹಾಳು ಮಾಡುತ್ತದೆ. ಬಣ್ಣ ಇಳಿದರೆ ರೇಟೂ ಇಳಿಯುತ್ತದೆ. ನಮ್ಮ ಕಾಕಾಗೆ ಈ ವಿಷಯ ನನಗಿಂತ ಚೆನ್ನಾಗಿ ಗೊತ್ತು.

ನಮ್ಮ ಮೈಯಲ್ಲಿ ಇರುವ ಕೋಟ್ಯಂತರ ಜೀವಕೋಶಗಳ ಪೊರೆಯೂ ಕೊಬ್ಬಿನದೇ. ಆಕ್ಸಿಜನ್ ಅಂತೂ ಪ್ರತಿ ಉಸಿರಿಗೂ ಒಳಗೆ ಬರುತ್ತದೆ. ಮೈಯ ಬಿಸಿ 37 ಡಿಗ್ರಿ. ಕಮಟು ಹಿಡಿಯಲು ಬೇಕಾದ ಎಲ್ಲವೂ ಅಲ್ಲಿದೆ. ಆದರೂ ನಾವು ಎಪ್ಪತ್ತು ಎಂಬತ್ತು ವರ್ಷ ಬಾಳುತ್ತೇವೆ. ನನಗೆ ಇದು ಇವತ್ತಿಗೂ ಬೆರಗಿನ ವಿಷಯ.

ಇದನ್ನು ತಡೆಯುವವರು ಯಾರು? ಜೀವಕೋಶದ ಒಳಗೆ ಮೈಟೋಕಾಂಡ್ರಿಯಾ ಎಂಬ ಚಿಕ್ಕ ಒಲೆಗಳಿವೆ. ಊಟದಿಂದ ಶಕ್ತಿ ತೆಗೆಯುವುದು ಅಲ್ಲೇ. ಎಷ್ಟು ಚೆನ್ನಾಗಿ ಉರಿಯುವ ಒಲೆಯಿಂದಲೂ ಒಂದೆರಡು ಕಿಡಿ ಹಾರುತ್ತವೆ. ಇಲ್ಲಿ ಹಾರುವ ಕಿಡಿಯ ಹೆಸರು ಸೂಪರ್‌ಆಕ್ಸೈಡ್. ಅದನ್ನು ಒಂದು ಕಿಣ್ವ (ಎಂಜೈಮ್) ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಗಾಯ ತೊಳೆಯಲು ಬಳಸಿದರೆ ಬುರುಬುರು ನೊರೆ ಬರುತ್ತದಲ್ಲ, ಅದೇ ವಸ್ತು. ಇಲ್ಲಿಗೆ ಅಪಾಯ ಮುಗಿಯಲಿಲ್ಲ. ಈ ಪೆರಾಕ್ಸೈಡ್‌ಗೆ ಬಿಡಿಯಾದ ಕಬ್ಬಿಣ ಸಿಕ್ಕಿತೋ, ಹೈಡ್ರಾಕ್ಸಿಲ್ ಎಂಬ ಭಾರೀ ಉಗ್ರವಾದ ಫ್ರೀ ರಾಡಿಕಲ್ (ಇಂಥ ಕಿಡಿಗಳಿಗೆ ಇಟ್ಟ ಹೆಸರು) ಹುಟ್ಟುತ್ತದೆ. ಅದು ಕಣ್ಣಿಗೆ ಬಿದ್ದದ್ದನ್ನೆಲ್ಲ ಸುಡುತ್ತದೆ. ಪೊರೆ, ಪ್ರೋಟೀನ್, ಡಿಎನ್‌ಎ ಯಾವುದನ್ನೂ ಬಿಡುವುದಿಲ್ಲ. ಆದ್ದರಿಂದ ಪೆರಾಕ್ಸೈಡನ್ನು ಅದಕ್ಕೂ ಮೊದಲೇ ಸುಮ್ನೆ ನೀರಾಗಿಸಿ ಬಿಡಬೇಕು. ಆ ಕೆಲಸ ಮಾಡುವವರಲ್ಲಿ ಮುಖ್ಯವಾದದ್ದು ಗ್ಲುಟಾಥಿಯಾನ್ ಪೆರಾಕ್ಸಿಡೇಸ್ ಎಂಬ ಕಿಣ್ವ. ಅದರ ಕೆಲಸ ನಡೆಯುವ ಜಾಗದಲ್ಲಿ, ಸರಿಯಾಗಿ ನಟ್ಟನಡುವೆ, ಸೆಲೆನಿಯಂನ ಒಂದು ಪರಮಾಣು ಕೂತಿದೆ.

ಯಾಕೆ ಸೆಲೆನಿಯಂ? ಇದು ಗಂಧಕದ ತಮ್ಮನಂಥ ಮೂಲವಸ್ತು. ಗುಣದಲ್ಲಿ ಅಣ್ಣನನ್ನೇ ಹೋಲುತ್ತದೆ. ಒಂದು ಫರಕು ಮಾತ್ರ ಇದೆ. ಆಕ್ಸಿಜನ್ ಹಿಡಿದುಕೊಂಡ ಮೇಲೆ ಗಂಧಕ ಅದನ್ನು ಸುಲಭಕ್ಕೆ ಬಿಡುವುದಿಲ್ಲ, ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸೆಲೆನಿಯಂ ಬೇಗ ಹಿಡಿಯುತ್ತದೆ, ಬೇಗ ಬಿಡುತ್ತದೆ. ಮತ್ತೆ ಮುಂದಿನದಕ್ಕೆ ಸಿದ್ಧ. ಈ ಜಾತಿಯ ಇನ್ನೊಂದು ಕಿಣ್ವ ಪೊರೆಯಲ್ಲೇ ಕೆಲಸ ಮಾಡುತ್ತದೆ. ಕಮಟು ಹಿಡಿದ ಕೊಬ್ಬಿನ ಅಣುವನ್ನು ಅಲ್ಲೇ ರಿಪೇರಿ ಮಾಡಿ ಸಾಲು ಮುಂದೆ ಹೋಗದಂತೆ ತಡೆಯುತ್ತದೆ. ಅದು ನಿಂತರೆ ಜೀವಕೋಶ ಸಾಯುತ್ತದೆ. ಆ ಬಗೆಯ ಸಾವಿಗೆ 2012ರಲ್ಲಿ ಫೆರೊಪ್ಟೋಸಿಸ್ ಎಂದು ಹೆಸರಿಟ್ಟರು.

ಸೆಲೆನಿಯಂ ಇರುವ ಇಂಥ ಪ್ರೋಟೀನ್‌ಗಳನ್ನು ಮಾಡಲು ಮನುಷ್ಯರಲ್ಲಿ 25 ಜೀನ್‌ಗಳಿವೆ. ಥೈರಾಯ್ಡ್ ಹಾರ್ಮೋನನ್ನು ಕೆಲಸಕ್ಕೆ ಬರುವಂತೆ ಮಾಡುವ ಕಿಣ್ವಗಳಿಗೂ ಇದು ಬೇಕು. ಆದರೆ ಮೈಯಲ್ಲಿರುವ ಒಟ್ಟು ಸೆಲೆನಿಯಂ ತೂಗಿದರೆ ಕೆಲವು ಸಾಸಿವೆ ಕಾಳುಗಳ ತೂಕಕ್ಕಿಂತ ಜಾಸ್ತಿ ಆಗುವುದಿಲ್ಲ. ದಿನಕ್ಕೆ ಬೇಕಾಗುವುದು ನಮ್ಮ ದೇಶದ ಲೆಕ್ಕದಲ್ಲಿ 40 ಮೈಕ್ರೋಗ್ರಾಂ, ಅಮೆರಿಕದ ಲೆಕ್ಕದಲ್ಲಿ 55. ಒಂದು ಮಿಲಿಗ್ರಾಂನಲ್ಲಿ ಸಾವಿರ ಮೈಕ್ರೋಗ್ರಾಂ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

1817ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಸೆಲೆನಿಯಂ ಕಂಡುಹಿಡಿದು ಗ್ರೀಕರ ಚಂದ್ರದೇವತೆಯ ಹೆಸರಿಟ್ಟರು. ಬಹಳ ಕಾಲ ಇದನ್ನು ದನಕರುಗಳಿಗೆ ಆಗದ ವಿಷ ಎಂದೇ ತಿಳಿದಿದ್ದರು. 1957ರಲ್ಲಿ ಕ್ಲಾಸ್ ಶ್ವಾರ್ಟ್ಸ್ ಎಂಬ ವಿಜ್ಞಾನಿ, ಅತಿ ಚಿಕ್ಕ ಪ್ರಮಾಣದ ಸೆಲೆನಿಯಂ ಇಲಿಗಳ ಲಿವರ್ ಕೆಡದಂತೆ ಕಾಯುತ್ತದೆ ಎಂದು ತೋರಿಸಿದರು. ಮೇಲೆ ಹೇಳಿದ ಕಿಣ್ವದಲ್ಲಿ ಸೆಲೆನಿಯಂ ಇದೆ ಎಂದು ಗೊತ್ತಾದದ್ದು 1973ರಲ್ಲಿ.

ಹೃದಯಕ್ಕೂ ಇದಕ್ಕೂ ಇರುವ ನಂಟು ತಿಳಿಯಲು ಚೀನಾಕ್ಕೆ ಹೋಗಬೇಕು. ಅಲ್ಲಿನ ಈಶಾನ್ಯದಲ್ಲಿ ಕೆಶಾನ್ ಎಂಬ ಸೀಮೆ ಇದೆ. 1935ರಲ್ಲಿ ಅಲ್ಲಿ ಜನ ಒಂದು ವಿಚಿತ್ರ ಹೃದಯರೋಗದಿಂದ ಸಾಯತೊಡಗಿದರು. ಹೃದಯದ ಸ್ನಾಯುವೇ ಸೋತುಹೋಗುತ್ತಿತ್ತು. ಈ ರೋಗ ಹೆಚ್ಚಾಗಿ ಬಂದದ್ದು ಚಿಕ್ಕ ಮಕ್ಕಳಿಗೆ ಮತ್ತು ಮಕ್ಕಳನ್ನು ಹೆರುವ ವಯಸ್ಸಿನ ಹೆಂಗಸರಿಗೆ. ಕಾರಣ ಹುಡುಕಿದಾಗ ಮಣ್ಣಿನಲ್ಲೇ ಸೆಲೆನಿಯಂ ತೀರಾ ಕಡಿಮೆ ಎಂದು ಕಂಡುಬಂತು. ಮಣ್ಣಿನಲ್ಲಿ ಇಲ್ಲ, ಆದ್ದರಿಂದ ಬೆಳೆಯಲ್ಲಿ ಇಲ್ಲ. ಆ ಜನ ತಿನ್ನುತ್ತಿದ್ದದ್ದು ಅದೇ ಮಣ್ಣಿನಲ್ಲಿ ಬೆಳೆದದ್ದನ್ನು ಮಾತ್ರ. 1974ರಲ್ಲಿ ಇದೇ ರೋಗ ಇದ್ದ ಸಿಚುವಾನ್ ಪ್ರಾಂತ್ಯದಲ್ಲಿ ಸಾವಿರಾರು ಮಕ್ಕಳಿಗೆ ವಾರಕ್ಕೊಮ್ಮೆ ಸೋಡಿಯಂ ಸೆಲೆನೈಟ್ ಎಂಬ ಸೆಲೆನಿಯಂ ಉಪ್ಪಿನ ಗುಳಿಗೆ ಕೊಟ್ಟರು. ಗುಳಿಗೆ ಸಿಗದ ಮಕ್ಕಳಲ್ಲಿ ಸಾವಿರಕ್ಕೆ ಹದಿಮೂರು ಹದಿನಾಲ್ಕು ಮಂದಿಗೆ ರೋಗ ಬಂತು. ಸಿಕ್ಕವರಲ್ಲಿ ಸಾವಿರಕ್ಕೆ ಇಬ್ಬರಿಗೆ.

ಇದು ಸಣ್ಣ ಗೆಲುವಲ್ಲ. ಸಾಯಬೇಕಿದ್ದ ಮಕ್ಕಳು ಉಳಿದರು. ಆಮೇಲೆ ಇನ್ನೊಂದು ಸಂಗತಿಯೂ ತಿಳಿಯಿತು. ಕಾಕ್ಸಾಕಿ ಎಂಬ ವೈರಸ್ಸಿನ ಸೌಮ್ಯವಾದ ತಳಿಯನ್ನು ಸೆಲೆನಿಯಂ ಕೊರತೆಯ ಇಲಿಗಳಿಗೆ ಕೊಟ್ಟಾಗ, ವೈರಸ್ಸೇ ಬದಲಾಗಿ ಹೃದಯಕ್ಕೆ ಹಾನಿ ಮಾಡುವಷ್ಟು ಜೋರಾಯಿತು. ಕೊರತೆ ಒಂದೇ ರೋಗ ತಂದಿರಲಿಲ್ಲ. ಸೋಂಕಿಗೆ ಅದು ಬಾಗಿಲು ತೆರೆದುಕೊಟ್ಟಿತ್ತು.

ಈ ಕಥೆಯಲ್ಲಿ ಒಂದು ಮಾತನ್ನು ಹಿಡಿದಿಟ್ಟುಕೊಳ್ಳಿ. ಆ ಮಕ್ಕಳಿಗೆ ವರ್ಷಗಟ್ಟಲೆ ಸೆಲೆನಿಯಂ ಸಿಕ್ಕೇ ಇರಲಿಲ್ಲ. ಖಾಲಿಯಾಗಿದ್ದ ಜಾಗಕ್ಕೆ ಕೊಟ್ಟರು, ಉಳಿಸಿಕೊಂಡರು. ಹುಬ್ಬಳ್ಳಿಯ ಐಸಿಯುನಲ್ಲಿ ಮಲಗಿದ್ದ ನಮ್ಮ ಕಾಕಾನ ಸ್ಥಿತಿ ಅದಲ್ಲ.

ಹಾಗಾದರೆ ಆಪರೇಷನ್ ಹೊತ್ತಿನಲ್ಲಿ ಒಳಗೆ ಏನಾಗುತ್ತದೆ? ಬೈಪಾಸ್ ಮಾತ್ರ ಇದ್ದರೆ ನಮ್ಮ ದೇಶದಲ್ಲಿ ಎಷ್ಟೋ ವೈದ್ಯರು ಹೃದಯ ಬಡಿಯುತ್ತಿರುವಾಗಲೇ ಮಾಡುತ್ತಾರೆ. ವಾಲ್ವ್ ಬದಲಿಸಲು ಹೃದಯವನ್ನು ತೆರೆಯಬೇಕು, ಅದಕ್ಕೆ ಸಾಮಾನ್ಯವಾಗಿ ಅದನ್ನು ನಿಲ್ಲಿಸಬೇಕು. ಅಷ್ಟು ಹೊತ್ತು ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಒಂದು ಮಷೀನು ನೋಡಿಕೊಳ್ಳುತ್ತದೆ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಈ ಮಷೀನು ಬಳಸಿ ಹೃದಯದ ಆಪರೇಷನ್ ಮಾಡಿ ಗೆದ್ದರು. ಅಲ್ಲಿಂದ ಲಕ್ಷಾಂತರ ಜನ ಇದರಿಂದ ಬದುಕಿದ್ದಾರೆ. ಆದರೆ ರಕ್ತಕ್ಕೆ ಪ್ಲಾಸ್ಟಿಕ್ ಪೈಪು ಹೊಸದು. ನಮ್ಮ ಬಿಳಿ ರಕ್ತಕಣಗಳು ಅದನ್ನು ಹೊರಗಿನಿಂದ ಬಂದ ಶತ್ರು ಎಂದು ತಿಳಿದು ಫ್ರೀ ರಾಡಿಕಲ್‌ಗಳನ್ನು ಉಗುಳುತ್ತವೆ. ಪಂಪಿನಲ್ಲಿ, ರಕ್ತ ಎಳೆಯುವ ನಳಿಕೆಯಲ್ಲಿ ಒಂದಿಷ್ಟು ಕೆಂಪು ಕಣ ಒಡೆಯುತ್ತವೆ. ಒಳಗಿನ ಕಬ್ಬಿಣ ಹೊರಗೆ ಬರುತ್ತದೆ. ಕಬ್ಬಿಣಕ್ಕೆ ಪೆರಾಕ್ಸೈಡ್ ಸಿಕ್ಕರೆ ಏನಾಗುತ್ತದೆ ಎಂದು ಮೇಲೆ ಹೇಳಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳುವುದು ರಕ್ತ ನಿಂತಾಗ ಅಲ್ಲ, ವಾಪಸ್ ಬಂದಾಗ. ಕೇಳಿದರೆ ನಂಬುವುದು ಕಷ್ಟ. ಬೋರ್‌ವೆಲ್ ಇದ್ದ ರೈತರಿಗೆ ಮಾತ್ರ ಬೇಗ ಅರ್ಥವಾಗುತ್ತದೆ. ಕರೆಂಟು ಹೋದಾಗ ಮೋಟರ್ ಸುಮ್ನೆ ನಿಂತಿರುತ್ತದೆ, ಏನೂ ಆಗುವುದಿಲ್ಲ. ಕರೆಂಟು ಒಮ್ಮೆಲೇ ಬಂದು, ವೋಲ್ಟೇಜ್ ಏರುಪೇರಾಗಿ, ಆಗ ಸುಡುತ್ತದೆ. ಹೃದಯ ನಿಂತಿದ್ದಾಗ ಅದರ ಜೀವಕೋಶಗಳಿಗೆ ಆಕ್ಸಿಜನ್ ಇರುವುದಿಲ್ಲ. ತಣ್ಣಗಿನ ಪೊಟ್ಯಾಸಿಯಂ ದ್ರವ ಹಾಕಿ ಅದನ್ನು ಮಲಗಿಸಿರುತ್ತಾರೆ. ಆದರೂ ಒಳಗೆ ಸಕ್ಸಿನೇಟ್ ಎಂಬ ವಸ್ತು ಗುಡ್ಡೆ ಬೀಳುತ್ತದೆ. ಉರಿಸಲು ಆಕ್ಸಿಜನ್ ಇಲ್ಲದೆ ಉಳಿದ ಸೌದೆ ಅದು. ರಕ್ತ ತಡೆದು ಹಿಡಿದ ಕ್ಲಾಂಪ್ ತೆಗೆದು ರಕ್ತ ಬಿಟ್ಟ ಕೂಡಲೇ ಆ ಸೌದೆಯೆಲ್ಲ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಕೆಲವೇ ನಿಮಿಷದಲ್ಲಿ ಸೂಪರ್‌ಆಕ್ಸೈಡ್ ಕಿಡಿಗಳು ರಾಶಿ ರಾಶಿ ಹಾರುತ್ತವೆ. ಹಿಡಿಯುವ ಕಿಣ್ವಗಳು ಅಷ್ಟೇ ಇವೆ, ಕಿಡಿ ಮಾತ್ರ ಎಷ್ಟೋ ಪಟ್ಟು. ಹುಟ್ಟುವ ಕಿಡಿಗೂ ಆರಿಸುವ ಕೈಗೂ ತಾಳೆ ತಪ್ಪಿದ ಈ ಸ್ಥಿತಿಗೇ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ.

ಸೋಂಕು ರಕ್ತಕ್ಕೆ ಹಬ್ಬಿ ಐಸಿಯು ಸೇರಿದವರಲ್ಲಿ, ದೊಡ್ಡ ಸುಟ್ಟ ಗಾಯದವರಲ್ಲಿ ಕಾರಣ ಬೇರೆ ಇರುತ್ತದೆ. ಒಳಗಿನ ಬೆಂಕಿ ಇದೇ.

ಈಗ ಸೆಲೆನಿಯಂ ಲೆಕ್ಕಕ್ಕೆ ಬರೋಣ. ಜರ್ಮನಿಯ ಆಖೆನ್ ನಗರದ ವೈದ್ಯರು ಹೃದಯದ ಆಪರೇಷನ್ ಆದ 104 ಮಂದಿಯ ರಕ್ತ ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು. ಆಪರೇಷನ್ ಮುಗಿಯುವ ಹೊತ್ತಿಗೆ ಎಲ್ಲರಲ್ಲೂ ಸೆಲೆನಿಯಂ ಇಳಿದಿತ್ತು. ತಾಮ್ರ, ಸತುವೂ ಇಳಿದಿದ್ದವು. ಸೆಲೆನಿಯಂ ತೀರಾ ಕಡಿಮೆ ಇದ್ದವರಲ್ಲಿ ಮುಂದೆ ಒಂದಕ್ಕಿಂತ ಹೆಚ್ಚು ಅಂಗಗಳು ಸೋಲುವ ಸಾಧ್ಯತೆ ಜಾಸ್ತಿ ಇತ್ತು. ತಮ್ಮನಿಗೆ ಬಂದ ಮೆಸೇಜಿನ ಬೇರು ಇಂಥ ಅಧ್ಯಯನಗಳಲ್ಲೇ ಇದೆ. ಸುಳ್ಳಲ್ಲ.

ಅದನ್ನು ಓದಿದ ಯಾರಿಗಾದರೂ ಅನಿಸುವುದು ಒಂದೇ: ಮೊದಲೇ ಕೊಟ್ಟುಬಿಡೋಣ. ಅದೇ ವೈದ್ಯರಿಗೂ ಹಾಗೇ ಅನಿಸಿತು. ಆದರೆ ಅವರು ಅನಿಸಿದ್ದನ್ನೇ ನಂಬಿ ಕೂರಲಿಲ್ಲ. ಜರ್ಮನಿ ಮತ್ತು ಕೆನಡಾದ 23 ಆಸ್ಪತ್ರೆಗಳು ಸೇರಿ ದೊಡ್ಡ ಪರೀಕ್ಷೆ ನಡೆಸಿದವು. 1,400ಕ್ಕೂ ಹೆಚ್ಚು ರೋಗಿಗಳು. ಎಲ್ಲರೂ ಅಪಾಯ ಜಾಸ್ತಿ ಇದ್ದವರು, ಬಹಳ ಮಂದಿಗೆ ನಮ್ಮ ಕಾಕಾನ ಹಾಗೆ ಬೈಪಾಸೂ ವಾಲ್ವೂ ಒಟ್ಟಿಗೆ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್ ಮೊದಲು 2,000 ಮೈಕ್ರೋಗ್ರಾಂ ಸೆಲೆನಿಯಂ ನರದ ಮೂಲಕ. ಮುಗಿದ ಕೂಡಲೇ ಮತ್ತೆ 2,000. ಆಮೇಲೆ ಐಸಿಯುನಲ್ಲಿ ಇರುವ ತನಕ ದಿನಕ್ಕೆ 1,000, ಹೆಚ್ಚೆಂದರೆ ಹತ್ತು ದಿನ. ಇನ್ನೊಂದು ಗುಂಪಿಗೆ ಔಷಧ ಇಲ್ಲದ ಸಲಾಯಿನ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ನೋಡಿಕೊಳ್ಳುವ ವೈದ್ಯರಿಗೂ ಗೊತ್ತಿಲ್ಲ.

ದಿನಕ್ಕೆ 40 ಮೈಕ್ರೋಗ್ರಾಂ ಲೆಕ್ಕ ಹಿಡಿದರೆ, ಮೊದಲ ಒಂದು ಡೋಸೇ 50 ದಿನದ ಪಾಲು. ಕಡಿಮೆ ಕೊಟ್ಟರು, ಅದಕ್ಕೇ ಕೆಲಸ ಮಾಡಲಿಲ್ಲ ಎನ್ನುವ ಹಾಗಿಲ್ಲ.

2023ರಲ್ಲಿ ಫಲಿತಾಂಶ ಬಂತು. 30 ದಿನಗಳಲ್ಲಿ ಅಂಗಗಳು ಸೋಲದೆ, ಜೀವಂತವಾಗಿ ಕಳೆದ ದಿನಗಳು ಎರಡೂ ಗುಂಪಿನಲ್ಲಿ ಒಂದೇ, ನಡುವಿನ ಲೆಕ್ಕ 29 ದಿನ. ತೀರಿಕೊಂಡವರು ಸೆಲೆನಿಯಂ ಗುಂಪಿನಲ್ಲಿ 4.2 ಶೇಕಡಾ, ಇನ್ನೊಂದರಲ್ಲಿ 5 ಶೇಕಡಾ. ನೋಡಲು ಕಡಿಮೆ ಅನಿಸಿದರೂ, ಅಷ್ಟು ಜನರಲ್ಲಿ ಇಷ್ಟು ವ್ಯತ್ಯಾಸ ಕೇವಲ ಆಕಸ್ಮಿಕವಾಗಿಯೂ ಬರಬಹುದು. ಕೆಡುಕೂ ಕಾಣಲಿಲ್ಲ, ಲಾಭವೂ ಕಾಣಲಿಲ್ಲ.

ಸೋಂಕು ಹಬ್ಬಿದವರಲ್ಲಿ, ಐಸಿಯು ಸೇರಿದ ಬೇರೆ ರೋಗಿಗಳಲ್ಲೂ ಹೀಗೇ ಆಯಿತು. 2007ರಲ್ಲಿ ಜರ್ಮನಿಯ ಒಂದು ಚಿಕ್ಕ ಅಧ್ಯಯನದಲ್ಲಿ ಸೆಲೆನಿಯಂ ಸಾವು ತಗ್ಗಿಸಿದಂತೆ ಕಂಡಿತ್ತು. ಎಲ್ಲರಿಗೂ ಆಸೆ ಹುಟ್ಟಿತು. 2013ರಲ್ಲಿ 40 ಐಸಿಯುಗಳ 1,223 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಸೆಲೆನಿಯಂ ಸೇರಿದ ಆಂಟಿಆಕ್ಸಿಡೆಂಟ್‌ಗಳಿಂದ, ಅಂದರೆ ಕಿಡಿ ಆರಿಸುವ ವಸ್ತುಗಳಿಂದ, ಫರಕು ಕಾಣಲಿಲ್ಲ. ಅದೇ ಪರೀಕ್ಷೆಯಲ್ಲಿ ಗ್ಲುಟಮಿನ್ ಎಂಬ ಇನ್ನೊಂದು "ಒಳ್ಳೆಯ" ಪೋಷಕಾಂಶ ಸಿಕ್ಕವರಲ್ಲಿ ಸಾವು ಹೆಚ್ಚಿತ್ತು. ಇದನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ಸಲ ಎರಡೆರಡು ಬಾರಿ ಹೇಳುತ್ತೇನೆ. ಮೈಯಲ್ಲಿ ಕಡಿಮೆ ಇರುವ, ಆಹಾರದಲ್ಲೇ ಇರುವ ವಸ್ತು ಎಂದ ಮಾತ್ರಕ್ಕೆ, ಕಾಯಿಲೆಯಲ್ಲಿ ಹೆಚ್ಚಿಗೆ ಕೊಟ್ಟರೆ ತೊಂದರೆ ಇಲ್ಲ ಎಂದುಕೊಳ್ಳಬಾರದು. 2016ರಲ್ಲಿ ಜರ್ಮನಿಯ 33 ಐಸಿಯುಗಳಲ್ಲಿ 1,089 ರೋಗಿಗಳ ಮೇಲೆ ನಡೆದ ಮತ್ತೊಂದು ಪರೀಕ್ಷೆಯ ಫಲಿತಾಂಶವೂ ಬಂತು. ಅಲ್ಲೂ ಸೆಲೆನಿಯಂ ಜೀವ ಉಳಿಸಲಿಲ್ಲ. ಸೆಪ್ಸಿಸ್, ಅಂದರೆ ಸೋಂಕು ರಕ್ತಕ್ಕೆ ಹಬ್ಬಿದ ಸ್ಥಿತಿ, ಅದರ ಚಿಕಿತ್ಸೆಯ 2016ರ ಅಂತರರಾಷ್ಟ್ರೀಯ ಮಾರ್ಗಸೂಚಿ ನರದ ಮೂಲಕ ಸೆಲೆನಿಯಂ ಕೊಡಬೇಡಿ ಎಂದಿತು.

ಯಾಕೆ ಹೀಗೆ? ಕೊರತೆ ಇದೆ, ಕೊಟ್ಟೆವು, ಏನೂ ಆಗಲಿಲ್ಲ. ಇಡೀ ಲೇಖನದಲ್ಲಿ ನನಗೆ ಬಹಳ ಮುಖ್ಯ ಅನಿಸುವ ಜಾಗ ಇದು.

ಹುಬ್ಬಳ್ಳಿ-ಧಾರವಾಡದಲ್ಲಿ ದಿನಗಟ್ಟಲೆ ಕಾದು ನಲ್ಲಿ ನೀರು ಹಿಡಿದವರಿಗೆ ಇದನ್ನು ಹೇಳುವುದು ಸುಲಭ. ನೀರು ಬಿಟ್ಟ ದಿನ ಓಣಿಯವರೆಲ್ಲ ಡ್ರಮ್ಮು, ಕೊಡ, ಬಕೆಟು ತುಂಬಿಕೊಳ್ಳುತ್ತಾರೆ. ಆ ಸಂಜೆ ಯಾರಾದರೂ ದೊಡ್ಡ ಟ್ಯಾಂಕ್ ಹತ್ತಿ ನೋಡಿದರೆ ಮಟ್ಟ ಪಾತಾಳಕ್ಕೆ ಇಳಿದಿರುತ್ತದೆ. ಊರಲ್ಲಿ ನೀರೇ ಇಲ್ಲ ಎಂದು ಅವರು ಹೇಳಿದರೆ ತಪ್ಪಾಗುತ್ತದೆ, ಅಲ್ವಾ? ನೀರು ಮನೆ ಮನೆಯಲ್ಲಿದೆ. ನಾವು ರಕ್ತ ತೆಗೆದು ಸೆಲೆನಿಯಂ ಅಳೆಯುವಾಗ ನೋಡುವುದು ಟ್ಯಾಂಕನ್ನು ಮಾತ್ರ. ದೊಡ್ಡ ಆಪರೇಷನ್ ಅಥವಾ ಸೋಂಕು ಆದಾಗ ರಕ್ತನಾಳಗಳು ಸಡಿಲಾಗಿ ಸೋರುತ್ತವೆ. ಸೆಲೆನಿಯಂ ಹೊತ್ತ ಪ್ರೋಟೀನ್‌ಗಳು ರಕ್ತದಿಂದ ಅಂಗಾಂಶಗಳಿಗೆ ಹೋಗುತ್ತವೆ. ಆ ಪ್ರೋಟೀನ್ ತಯಾರಿಸುವ ಲಿವರ್ ಕೂಡ ಉರಿಯೂತದ ಹೊತ್ತಿನಲ್ಲಿ ಅದನ್ನು ಕಡಿಮೆ ಮಾಡುತ್ತದೆ, ಬೇರೆ ತುರ್ತು ಪ್ರೋಟೀನ್‌ಗಳನ್ನು ಮಾಡಲು ಹೊರಡುತ್ತದೆ. ಮಷೀನಿನ ಪೈಪುಗಳಲ್ಲಿ ಮೊದಲೇ ತುಂಬಿದ ದ್ರವದಿಂದ ರಕ್ತ ತೆಳುವಾಗುವುದೂ ಉಂಟು. ಹೀಗಾಗಿ ಮಟ್ಟ ಇಳಿಯುತ್ತದೆ. ಉರಿಯೂತ ಎಷ್ಟು ಜೋರೋ ಇಳಿತವೂ ಅಷ್ಟು ಜಾಸ್ತಿ.

ಅಂದರೆ ಕಡಿಮೆ ಸೆಲೆನಿಯಂ ಎನ್ನುವುದು ಬಹುಪಾಲು, ಒಳಗಿನ ಬೆಂಕಿ ಎಷ್ಟು ದೊಡ್ಡದಿದೆ ಎಂಬ ಸುದ್ದಿ. ಬೆಂಕಿ ಹಚ್ಚಿದ್ದು ಅದಲ್ಲ. ದೊಡ್ಡ ಬೆಂಕಿ ಇದ್ದವರಿಗೆ ಕಿಡ್ನಿ ಸೋಲುತ್ತದೆ, ಅವರಲ್ಲೇ ಸೆಲೆನಿಯಂ ಕೂಡ ಇಳಿದಿರುತ್ತದೆ. ಎರಡೂ ಜೊತೆಯಲ್ಲಿ ಕಾಣುತ್ತವೆ. ಒಂದರಿಂದ ಇನ್ನೊಂದು ಆಯಿತು ಎಂದು ನಮಗೆ ತೋರುತ್ತದೆ.

ಎರಡನೆಯ ಕಾರಣ ಸಮಯ. ನರದ ಮೂಲಕ ಕೊಡುವುದು ಸೋಡಿಯಂ ಸೆಲೆನೈಟ್ ಎಂಬ ಉಪ್ಪು. ಅದು ತಾನೇ ಹೋಗಿ ಕಿಡಿ ಆರಿಸುವುದಿಲ್ಲ. ಮೈ ಅದನ್ನು ಪರಿವರ್ತಿಸಿ, ಸೆಲೆನೋಸಿಸ್ಟೀನ್ ಎಂಬ ಅಮೈನೋ ಆಮ್ಲ ಮಾಡಿ, ಪ್ರೋಟೀನಿನಲ್ಲಿ ಪೋಣಿಸಬೇಕು. ಪೋಣಿಸುವ ರೀತಿಯೂ ವಿಶೇಷ. ಬೇರೆ ಕಡೆ "ಇಲ್ಲಿಗೆ ನಿಲ್ಲಿಸು" ಎಂದು ಓದುವ ಜೀನಿನ ಸಂಕೇತವನ್ನು ಇಲ್ಲಿ "ಸೆಲೆನಿಯಂ ಹಾಕು" ಎಂದು ಓದಬೇಕಾಗುತ್ತದೆ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಬೆಂಕಿಯಾದರೋ ರಕ್ತ ಬಿಟ್ಟ ಮೊದಲ ನಿಮಿಷಗಳಲ್ಲೇ ಹೊತ್ತಿರುತ್ತದೆ.

ಮೂರನೆಯದು, ಡೋಸ್ ಹೆಚ್ಚಾದರೆ ಈ ಉಪ್ಪೇ ಜೀವಕೋಶದಲ್ಲಿರುವ ಗ್ಲುಟಾಥಿಯಾನ್ ಎಂಬ ವಸ್ತುವಿನ ಜೊತೆ ಸೇರಿ ಸೂಪರ್‌ಆಕ್ಸೈಡ್ ಹುಟ್ಟಿಸಬಲ್ಲದು. ಆರಿಸಲು ತಂದದ್ದು ಉರಿಸಲೂ ಬಹುದು. ಇನ್ನು, ಫ್ರೀ ರಾಡಿಕಲ್ ಎಂದರೆ ಬರೀ ಕೆಟ್ಟದ್ದು ಎನ್ನುವ ಜಾಹೀರಾತಿನ ಮಾತೂ ಸರಿಯಲ್ಲ. ಬಿಳಿ ಕಣಗಳು ಬ್ಯಾಕ್ಟೀರಿಯಾ ಕೊಲ್ಲುವುದು ಅದರಿಂದಲೇ. ಐಸಿಯುನಲ್ಲಿ ಮಲಗಿದವರಿಗೆ ಆ ಆಯುಧವೂ ಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಸೆಲೆನಿಯಂ ಯಾರಿಗೂ ಬೇಡ ಎಂದು ಯಾರೂ ತಿಳಿಯಬಾರದು. ನಿಜವಾಗಿ ಕೊರತೆ ಆಗುವ ರೋಗಿಗಳಿದ್ದಾರೆ. ಕರುಳಿನ ದೊಡ್ಡ ಭಾಗ ತೆಗೆದವರು, ಬಾಯಿಂದ ಊಟ ಹೋಗದೆ ವಾರಗಟ್ಟಲೆ ನರದ ಮೂಲಕವೇ ಪೋಷಣೆ ಪಡೆಯುವವರು. ಅವರ ಆ ಪೋಷಣೆಯ ದ್ರವದಲ್ಲಿ ಸೆಲೆನಿಯಂ ಇಲ್ಲದಿದ್ದರೆ ಕೆಶಾನ್ ರೋಗದಂತೆಯೇ ಹೃದಯ ಸೋಲಬಹುದು. ಆದ್ದರಿಂದ ದಿನಕ್ಕೆ 60ರಿಂದ 100 ಮೈಕ್ರೋಗ್ರಾಂ ಸೇರಿಸುವುದು ರೂಢಿ. ದೊಡ್ಡ ಸುಟ್ಟ ಗಾಯದವರಲ್ಲಿ ಗಾಯದಿಂದ ಒಸರುವ ನೀರಿನ ಜೊತೆಗೇ ಸೆಲೆನಿಯಂ, ತಾಮ್ರ, ಸತು ಹೋಗುತ್ತವೆ. ಹೋದದ್ದನ್ನು ತುಂಬಿಕೊಟ್ಟರೆ ಸೋಂಕು ತಗ್ಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ಅಧ್ಯಯನಗಳು ತೋರಿಸಿವೆ. ಐಸಿಯುನಲ್ಲಿ ಹಗಲೂ ರಾತ್ರಿ ನಡೆಯುವ ಡಯಾಲಿಸಿಸ್‌ನಲ್ಲೂ ಸ್ವಲ್ಪ ಸ್ವಲ್ಪ ಸೋರಿ ಹೋಗುತ್ತದೆ. ಇಲ್ಲೆಲ್ಲ ಕೊಡುವುದು ಕಳೆದುಕೊಂಡದ್ದನ್ನು ವಾಪಸ್ ಕೊಡುವ ಲೆಕ್ಕ. ಡೋಸ್ ವೈದ್ಯರು ನಿರ್ಧರಿಸುತ್ತಾರೆ.

ಮನೆಯಲ್ಲಿ ಸುಮ್ನೆ ಗುಳಿಗೆ ನುಂಗುವುದು ಬೇರೆ ವಿಷಯ. ಸೆಲೆನಿಯಂನಲ್ಲಿ ಸಾಕು ಮತ್ತು ಅತಿ ಇವುಗಳ ನಡುವಿನ ಜಾಗ ಬಹಳ ಚಿಕ್ಕದು. ದೊಡ್ಡವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ದಾಟಬಾರದು ಎಂದು ಅಮೆರಿಕದವರು ಗೆರೆ ಎಳೆದಿದ್ದಾರೆ. ಯುರೋಪಿನವರು ಅದನ್ನು ಇನ್ನೂ ಕೆಳಗೆ ಇಳಿಸಿ 255 ಮಾಡಿದ್ದಾರೆ. ದಾಟಿದರೆ ಕೂದಲು ಉದುರುತ್ತದೆ, ಉಗುರು ಸೀಳಿ ಬೀಳುತ್ತವೆ, ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತದೆ. ನಮ್ಮ ದೇಶದಲ್ಲೇ ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಕಡೆಯ ಕೆಲವು ಹಳ್ಳಿಗಳ ಮಣ್ಣಿನಲ್ಲಿ ಸೆಲೆನಿಯಂ ವಿಪರೀತ. ಅಲ್ಲಿನ ಗೋಧಿ ತಿಂದ ಜನರಲ್ಲಿ, ಮೇವು ತಿಂದ ದನಗಳಲ್ಲಿ ಈ ತೊಂದರೆ ಕಂಡಿದೆ. 2008ರಲ್ಲಿ ಅಮೆರಿಕದಲ್ಲಿ ಒಂದು ಪೌಷ್ಟಿಕ ದ್ರವದಲ್ಲಿ ಲೇಬಲ್ ಮೇಲೆ ಬರೆದದ್ದಕ್ಕಿಂತ 200 ಪಟ್ಟು ಸೆಲೆನಿಯಂ ಸೇರಿಹೋಗಿತ್ತು. ಇನ್ನೂರು ಮಂದಿ ಕಾಯಿಲೆ ಬಿದ್ದರು.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಮೀನು, ಮೊಟ್ಟೆ, ಕೋಳಿ ತಿನ್ನುವವರಿಗೆ ಅದರಲ್ಲಿ ಚೆನ್ನಾಗಿ ಸಿಗುತ್ತದೆ. ತಿನ್ನದವರಿಗೆ ಗೋಧಿ, ಬೇಳೆಕಾಳು, ಸೂರ್ಯಕಾಂತಿ ಬೀಜ, ಅಣಬೆ, ಹಾಲು ಮೊಸರು ಇವೆ. ರೊಟ್ಟಿಯ ಜೋಳದಲ್ಲಿ ಎಷ್ಟಿದೆ ಎನ್ನುವುದು ಅದು ಬೆಳೆದ ಹೊಲದ ಮಣ್ಣಿನ ಮೇಲೆ ನಿಂತಿದೆ. ಬಗೆ ಬಗೆಯದನ್ನು ಉಣ್ಣುವವರಿಗೆ 40 ಮೈಕ್ರೋಗ್ರಾಂ ದೊಡ್ಡ ವಿಷಯ ಅಲ್ಲ. ಬ್ರೆಜಿಲ್ ನಟ್ ಎಂಬ ದುಬಾರಿ ಬೀಜದ ಬಗ್ಗೆ ಈಗ ಬಹಳ ಪ್ರಚಾರ ಇದೆ. ಒಂದೇ ಬೀಜದಲ್ಲಿ ಒಂದು ದಿನಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಇರಬಹುದು. ಶೇಂಗಾದ ಹಾಗೆ ಮುಷ್ಟಿಗಟ್ಟಲೆ ತಿನ್ನಬೇಡಿ.

ಮರುದಿನ ಬೆಳಗ್ಗೆ ನಾನು ಹುಬ್ಬಳ್ಳಿಗೆ ಹೋದೆ. ಡಾಕ್ಟರ್ ಬಂದಾಗ ಕಾಕಾನ ಮಗ ಬಾಟಲಿ ತೋರಿಸಿ ನೇರವಾಗಿ ಕೇಳಿದ, "ಸರ್, ಅಪ್ಪಾಜಿಗೆ ಸೆಲೆನಿಯಂ ಟೆಸ್ಟ್ ಮಾಡ್ಸೂದು ಬ್ಯಾಡೇನ್ರಿ?" ಅವರು ಸಿಟ್ಟಾಗಲಿಲ್ಲ. "ಈಗ ಮಾಡಿಸಿದ್ರ ಕಡಿಮಿನೇ ಬರ್ತದ ನೋಡ್ರಿ. ಉರಿಯೂತ ತೋರ್ಸೂ ಸಿಆರ್‌ಪಿ ಇಷ್ಟು ಏರಿದಾಗ ಆ ನಂಬರ್ ನಂಬಿ ನಾ ಏನೂ ಮಾಡಂಗಿಲ್ಲ. ಕಿಡ್ನಿ ಮ್ಯಾಲೆ ಕಣ್ಣಿಟ್ಟೀವಿ, ಮೂತ್ರ ಛಲೋ ಹೊಂಟೈತಿ" ಎಂದರು. ಆಮೇಲೆ ಬಾಟಲಿ ತಿರುಗಿಸಿ ಲೇಬಲ್ ಓದಿದರು. "ಇವ್ರು ಆಪರೇಷನ್ ಮೊದ್ಲು ಮನ್ಯಾಗ ಇಂಥಾವು ಏನರ ತಗೋತಿದ್ರೇನು? ನೆನಪ ಮಾಡಿ ಹೇಳ್ರಿ, ಆಯುರ್ವೇದದ್ದು ಇದ್ರೂ ಹೇಳ್ರಿ" ಎಂದು ಕೇಳಿದರು. ಆಗ ಕಾಕು ಮೆಲ್ಲಗೆ ಹೇಳಿದಳು, ಗಂಟುನೋವಿಗೆ ಅಂತ ಮೂರು ತಿಂಗಳಿಂದ ಯಾವುದೋ ಪುಡಿ ನಡೆದಿತ್ತು ಎಂದು. ಆಪರೇಷನ್ ಮೊದಲು ಇದನ್ನು ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಡಾಕ್ಟರ್ ಕೇಸ್ ಪೇಪರಿನಲ್ಲಿ ಅದನ್ನು ಬರೆದುಕೊಂಡು, ಪುಡಿಯ ಡಬ್ಬಿಯನ್ನು ಊರಿಂದ ತರಿಸಲು ಹೇಳಿದರು.